ಆಮಂತ್ರಣ ಪತ್ರಿಕೆ ಅಚ್ಚಿಗೆ ಕೊಡುವ ಮುನ್ನ

ಆತ್ಮೀಯರೇ, ಮೇ ಕೊನೆಯ ಹೊತ್ತಿಗೆ ಉತ್ಸವ, ಆಟಗಳ ಋತು ಮುಗಿಯುವ ಪತ್ತನಾಜೆಯವರೆಗೂ ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಕುಂಬಳೆ, ಬದಿಯಡ್ಕದ ಕಡೆ ಬಯಲಾಟ, ಭಜನಾ ಮಂದಿರದ ವಾರ್ಷಿಕೋತ್ಸವಗಳಿಗೆ ಬಿಡುವಿಲ್ಲ. ಕಳೆದ ವರ್ಷ ನಮ್ಮ ಬ್ಯಾನರಿನಲ್ಲಿ ದೇವರ ಚಿತ್ರವೇ ಚೌಕ ಚೌಕವಾಗಿ ಒಡೆದು ಕಂಡಾಗ ತುಂಬ ನೋವಾಯಿತು. ವಾಟ್ಸ್ಆ್ಯಪ್‌ನಲ್ಲಿ ಬಂದ ಚಿತ್ರವನ್ನು ಹಾಗೆಯೇ ಹಿಗ್ಗಿಸಿದ್ದು ಕಾರಣ.

ಫೋಟೊ ಎಂದರೆ ಪಿಕ್ಸೆಲ್ ಎಂಬ ಬಣ್ಣದ ಚುಕ್ಕಿಗಳ ಸಾಲು. ಇದು ರಾಸ್ಟರ್ ಚಿತ್ರ. ಹಿಗ್ಗಿಸಿದರೆ ಹೊಸ ವಿವರ ಹುಟ್ಟುವುದಿಲ್ಲ. ಕೈಯಲ್ಲಿ ಹಿಡಿದು ಓದುವ ಪತ್ರಿಕೆಗೆ ಇಂಚಿಗೆ 300 ಪಿಕ್ಸೆಲ್ ಇದ್ದರೆ ಚೆನ್ನ: 5×7 ಇಂಚಿಗೆ 1500×2100. ಚಿತ್ರವನ್ನು ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಗುಣಮಟ್ಟ ಕೆಡುವುದಿಲ್ಲ. ಲಾಂಛನಕ್ಕೆ ವೆಕ್ಟರ್ ಕಡತವನ್ನೇ ಕೇಳಿ ಪಡೆಯಿರಿ. ಅದು ರೇಖೆಗಳ ಲೆಕ್ಕಾಚಾರ, ಎಷ್ಟು ದೊಡ್ಡದು ಮಾಡಿದರೂ ಅಂಚು ಮಸುಕಾಗದು.

ನಮಗೆ ಎಲ್ಲಕ್ಕಿಂತ ಮುಖ್ಯವಾದದ್ದು ಅಕ್ಷರ. ಮಲಯಾಳವೇ ಹೆಚ್ಚು ಅಚ್ಚಾಗುವ ಮುದ್ರಣಾಲಯದ ಕಂಪ್ಯೂಟರಿನಲ್ಲಿ ನೀವು ಬಳಸಿದ ಕನ್ನಡ ಫಾಂಟ್ ಇಲ್ಲದಿದ್ದರೆ ಒತ್ತಕ್ಷರಗಳು ಚೆದುರಿಹೋಗಬಹುದು. ಆದ್ದರಿಂದ ಕಳುಹಿಸುವ ಮೊದಲು ಅಕ್ಷರಗಳನ್ನು ಔಟ್‌ಲೈನ್‌ಗೆ ಬದಲಿಸಿ. ಕೆಲವು ತಂತ್ರಾಂಶಗಳಲ್ಲಿ ಇದಕ್ಕೆ ಕರ್ವ್ ಎನ್ನುತ್ತಾರೆ. ಆಗ ಅಕ್ಷರವೇ ಆಕೃತಿಯಾಗುತ್ತದೆ, ಫಾಂಟಿನ ಹಂಗಿರುವುದಿಲ್ಲ. ತಿದ್ದಲು ಬರುವ ಮೂಲ ಪ್ರತಿಯನ್ನು ಮರೆಯದೆ ಬೇರೆ ಉಳಿಸಿಕೊಳ್ಳಿ.

ಪರದೆಯದು ಬೆಳಕಿನ ಬಣ್ಣ, ಆರ್‌ಜಿಬಿ (ಕೆಂಪು, ಹಸಿರು, ನೀಲಿ). ಕಾಗದದ್ದು ಶಾಯಿಯ ಬಣ್ಣ, ಸಿಎಂವೈಕೆ (ಸಯಾನ್, ಮಜೆಂಟಾ, ಹಳದಿ, ಕಪ್ಪು). ಹೊಳೆಯುವ ಹಸಿರು ಅಚ್ಚಿನಲ್ಲಿ ಮಂಕಾಗುತ್ತದೆ. ಮೊದಲು ಒಂದೇ ಪ್ರತಿ ತೆಗೆಸಿ ನೋಡಿ.