ಕಾಲಲ್ಲಿ ಗಂಟು ಕಂಡರೆ ಡಾಕ್ಟರಿಗೆ ಹೇಗೆ ತೋರಿಸುವುದು

ನರ್ಸ್ ಕೆಲಸ ಬಿಟ್ಟು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಮನೆಯಲ್ಲಿ ಕೂತಿದ್ದರೂ, ಚಾವಡಿಗೆ ಬಂದು ಮುಂಡು ಸರಿಸಿ "ಅಕ್ಕಾ, ಇದೆಂಥದು ನೋಡಿ" ಎನ್ನುವವರು ಕಮ್ಮಿಯಾಗಿಲ್ಲ. "ನೋವುಂಟಾ?" ಎಂದರೆ "ಇಲ್ಲ, ಅದಕ್ಕೇ ಬಿಟ್ಟದ್ದು" ಎನ್ನುತ್ತಾರೆ. ನನಗೆ ಹೆದರಿಕೆ ಆ ಉತ್ತರದ್ದೇ. ಕೀವಾದ ಕುರು ನೋಯುತ್ತದೆ, ಜನ ಓಡಿ ಹೋಗಿ ತೋರಿಸುತ್ತಾರೆ. ಕ್ಯಾನ್ಸರ್ ಗಂಟು ಶುರುವಿನಲ್ಲಿ ಎಷ್ಟೋ ಸಲ ನೋಯುವುದೇ ಇಲ್ಲ.

ಹಾಗೆಂದು ಗಂಟೆಲ್ಲ ಕ್ಯಾನ್ಸರ್ ಅಲ್ಲ. ಮೆತ್ತಗಿದ್ದು, ಒತ್ತಿದರೆ ಚರ್ಮದಡಿ ಜಾರುವಂಥದ್ದು ಹೆಚ್ಚಾಗಿ ಕೊಬ್ಬಿನ ಗಂಟು. ಮೊಣಕಾಲಿನ ಹಿಂದೆ ಇದ್ದು, ಕಾಲು ಚಾಚಿದಾಗ ಗಟ್ಟಿ, ಮಡಚಿದಾಗ ಮೆತ್ತಗಾದರೆ ಕೀಲಿನ ನೀರು ತುಂಬಿದ ಚೀಲ ಇರಬಹುದು. ತೊಡೆಸಂದಿಯಲ್ಲಿ ಕೆಮ್ಮಿದಾಗ ಉಬ್ಬಿ, ಮಲಗಿದಾಗ ಒಳಗೆ ಹೋದರೆ ಹರ್ನಿಯಾದ ಸಂಶಯ. ಇದನ್ನೆಲ್ಲ ಗಮನಿಸಿ ಹೇಳಿ, ತೀರ್ಮಾನ ಡಾಕ್ಟರಿಗೆ ಬಿಡಿ.

ಹೊರಡುವ ಮೊದಲು ಟೈಲರ್ ಟೇಪಿನಲ್ಲಿ ಗಂಟನ್ನು ಅಡ್ಡಕ್ಕೂ ಉದ್ದಕ್ಕೂ ಅಳೆದು ಕ್ಯಾಲೆಂಡರಿನಲ್ಲಿ ಬರೆಯಿರಿ. ಟೇಪು ಪಕ್ಕದಲ್ಲಿಟ್ಟೇ ಫೋಟೋ ತೆಗೆಯಿರಿ. 5 ಸೆಂಟಿಮೀಟರಿಗಿಂತ ದೊಡ್ಡದು, ಬೆಳೆಯುತ್ತಿರುವುದು, ಮಾಂಸದ ಆಳದಲ್ಲಿ ಅಂಟಿಕೊಂಡಂತಿರುವುದು: ಇದರಲ್ಲಿ ಒಂದಿದ್ದರೂ ಅಡಿಕೆ ಕೊಯ್ಲು ಮುಗಿಯಲಿ ಎಂದು ಕಾಯಬೇಡಿ. "ಸಂಕದಲ್ಲಿ ಜಾರಿ ಬಿದ್ದ ಪೆಟ್ಟು ಅದು" ಎನ್ನುವವರಿದ್ದಾರೆ. ಪೆಟ್ಟಿನ ಬಾವು ವಾರ ಕಳೆದ ಹಾಗೆ ಇಳಿಯಬೇಕಲ್ವಾ? ಇಳಿಯದಿದ್ದರೆ ತೋರಿಸಲೇಬೇಕು.

ಎಣ್ಣೆ ಹಾಕಿ ತಿಕ್ಕಿಸಬೇಡಿ. ಒಂದೇ ಕಾಲಿನ ಮೀನಖಂಡ ಬಾತು, ಬಿಸಿಯಾಗಿ ನೋಯುತ್ತಿದ್ದರೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು; ತಿಕ್ಕಿದರೆ ಅದು ಶ್ವಾಸಕೋಶಕ್ಕೆ ಹೋದೀತು. ಅವತ್ತೇ ಆಸ್ಪತ್ರೆಗೆ ಹೋಗಿ. ಜೊತೆಗೆ ಉಸಿರು ಕಟ್ಟುವುದು, ಎದೆನೋವು ಇದ್ದರೆ ಒ.ಪಿ. ಚೀಟಿಗೆ ಸಾಲು ನಿಲ್ಲುವುದು ಬೇಡ, ನೇರ ಕ್ಯಾಶುವಾಲ್ಟಿಗೆ.

ಬಿಗಿ ಪ್ಯಾಂಟ್ ಹಾಕಿಕೊಂಡು ಹೋಗಬೇಡಿ. ನುಂಗುವ ಮಾತ್ರೆಗಳ ಸ್ಟ್ರಿಪ್ ಇರಲಿ, ಅದರಲ್ಲೂ ರಕ್ತ ತೆಳುಮಾಡುವ ಮಾತ್ರೆ. ಯಾವಾಗ ಕಂಡಿತು, ಎಷ್ಟು ಬೆಳೆಯಿತು, ಜ್ವರ ಉಂಟಾ, ತೂಕ ಇಳಿದಿದೆಯಾ ಎಂಬುದನ್ನು ಮೊದಲೇ ಹೇಳಿಬಿಡಿ. ಊರಿನ ಕುಟುಂಬ ಆರೋಗ್ಯ ಕೇಂದ್ರದಿಂದ ಶುರುಮಾಡಿದರೆ ಸಾಕು. ಬೇಕಾದರೆ ಅವರೇ ಕಾಸರಗೋಡಿಗೆ ಸರ್ಜನ್ ಹತ್ತಿರ ಕಳಿಸುತ್ತಾರೆ. ಮಂಗಳೂರಿಗೇ ಹೋಗುವುದಾದರೆ ನಿಮ್ಮ ಇನ್ಶೂರೆನ್ಸ್ ಕಾರ್ಡ್ ಅಲ್ಲಿ ನಡೆಯುತ್ತದಾ ಎಂದು ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟುವ ಮೊದಲು ಕೇಳಿ.

ಸಾಮಾನ್ಯವಾಗಿ ಮೊದಲು ಅಲ್ಟ್ರಾಸೌಂಡ್ ಮಾಡಿಸುತ್ತಾರೆ. ದೊಡ್ಡ ಅಥವಾ ಆಳದ ಗಂಟನ್ನು ಮಾತ್ರ ಸುಮ್ನೆ ಕೊಯ್ಸಿಕೊಳ್ಳಬೇಡಿ. "ಮೊದಲು ಎಂಆರ್‌ಐ, ಬಯಾಪ್ಸಿ ಬೇಡವಾ ಡಾಕ್ಟ್ರೇ?" ಎಂದು ಕೇಳುವುದರಲ್ಲಿ ನಾಚಿಕೆ ಏನಿಲ್ಲ. ಬಯಾಪ್ಸಿ ಎಂದರೆ ಗಂಟಿನ ಚೂರು ತೆಗೆದು ಲ್ಯಾಬಿನಲ್ಲಿ ನೋಡುವುದು. ಕ್ಯಾನ್ಸರ್ ಎಂದು ತಿಳಿಯದೆ ಕೊಯ್ದರೆ ಸುತ್ತಲೂ ಹರಡಿ, ಮುಂದಿನ ಆಪರೇಷನ್ ಇನ್ನೂ ದೊಡ್ಡದಾಗಬಹುದು. ಸಂಶಯ ಬಂದರೆ ತಲಶ್ಶೇರಿಯಲ್ಲಿ ಮಲಬಾರ್ ಕ್ಯಾನ್ಸರ್ ಸೆಂಟರ್ ಉಂಟು.

ಗಂಟು ತೆಗೆದರೆ ಅದನ್ನು ಲ್ಯಾಬಿಗೆ ಕಳಿಸಿದ್ದಾರಾ ಎಂದು ಅಲ್ಲೇ ವಿಚಾರಿಸಿ. ಹೊಲಿಗೆ ಬಿಚ್ಚಿದ ಮೇಲೆ ತುಂಬಾ ಜನ ಆ ಕಡೆ ತಲೆಹಾಕುವುದಿಲ್ಲ. ರಿಪೋರ್ಟ್ ತೆಗೆದುಕೊಂಡು ಡಾಕ್ಟರಿಗೆ ತೋರಿಸಿಯೇ ಬಸ್ಸು ಹತ್ತಿ.