ಡಂಪಿನ ನೀರಿಗೆ ಕರಿ ಕಲ್ಲಿನ ಹಾಸು: ನನ್ನ ಅನುಭವ

ಈ ವರ್ಷ ದಾಳಿಂಬೆ ತೋಟದಲ್ಲಿ ಒಂದೇ ಒಂದು ಲ್ಯಾಟರಲ್ (ಗಿಡದ ಸಾಲಿಗೆ ಎಳೆಯೋ ಸಣ್ಣ ಡ್ರಿಪ್ ಪೈಪು) ಬದಲಿಸಿಲ್ಲ. ಸಂಡೂರಿನ ಗುಡ್ಡದ ಬುಡದಲ್ಲಿ ಹಳ್ಳದ ನೀರಿಗೆ ಡ್ರಿಪ್ ಹಾಕಿದವರಿಗೆ ಈ ಮಾತಿನ ಬೆಲೆ ಗೊತ್ತು. ಆ ನೀರಲ್ಲಿ ಕರಗಿರೋ ಕಬ್ಬಿಣ, ಮ್ಯಾಂಗನೀಸು ಪೈಪಿನೊಳಗೆ ಕಟ್ಟಿಕೊಂಡುಬಿಡುತ್ತೆ. ಅದಕ್ಕೂ ಹಿಂದಿನ ಮೂರು ವರ್ಷದಲ್ಲಿ ನಾಲ್ಕು ಎಕರೆಯ ಪೈಪು ಎರಡು ಸಲ ಪೂರ್ತಿ ಕಿತ್ತು ಹಾಕಿದ್ದೆ. ಪೈಪು, ಅದನ್ನ ತೊಳೆಯೋ ಆಸಿಡ್ಡು, ಆಳು ಎಲ್ಲ ಸೇರಿ 1.8 ಲಕ್ಷದ ಮೇಲೆ ಕೈ ಬಿಟ್ಟಿತ್ತು. ಲೆಕ್ಕದ ಪುಸ್ತಕ ಮುಂದಿಲ್ಲ, ನೆನಪಿನ ಮೇಲೆ ಹೇಳ್ತಿದೀನಿ, ಐದು ಸಾವಿರ ಆಚೆ ಈಚೆ ಇರಬಹುದು.

ನಮ್ಮ ಹೊಲದ ಪಕ್ಕದ ಹಳ್ಳ ಕೆಳಗೆ ಹೋಗಿ ನಾರಿಹಳ್ಳಕ್ಕೆ ಸೇರುತ್ತೆ. ಮೇಲೆ ಹಳೆಯದೊಂದು ಡಂಪಿದೆ, ಅಂದರೆ ಗಣಿಯಲ್ಲಿ ಅಗೆದು ಬಿಸಾಕಿದ ಮಣ್ಣಿನ ಗುಡ್ಡೆ, ಕಬ್ಬಿಣದ ಜೊತೆ ಮ್ಯಾಂಗನೀಸಿನ ಮಣ್ಣೂ ಸುರಿದಿದ್ದು. ಮಳೆಗಾಲದಲ್ಲಿ ಬರೋ ಕೆಂಪು ರಾಡಿ ದೊಡ್ಡ ತೊಂದರೆಯಲ್ಲ, ನಿಲ್ಲಿಸಿದರೆ ತಳಕ್ಕೆ ಕೂರುತ್ತೆ. ಮೋಸ ಮಾಡೋದು ಮಳೆ ನಿಂತ ಮೇಲೆ ಡಂಪಿನ ಬುಡದಿಂದ ಜಿನುಗೋ ನೀರು. ಲೋಟದಲ್ಲಿ ಹಿಡಿದರೆ ಕನ್ನಡಿಯಂಗೆ ತಿಳಿ. ಸಂಜೆಗೆ ಅದೇ ಲೋಟದ ತಳದಲ್ಲಿ ಕಾವಿ ಬಣ್ಣದ ಗಸಿ. ನಿಂತ ಕಡೆ ನೀರಿನ ಮೇಲೆ ಎಣ್ಣೆ ಚೆಲ್ಲಿದಂಗೆ ಕಾಮನಬಿಲ್ಲಿನ ಪೊರೆ. ಡೀಸೆಲ್ ಸೋರಿದೆ ಅಂತ ನಾನೂ ಮೊದಲು ಪಂಪ್‌ಸೆಟ್ ಬಿಚ್ಚಿ ನೋಡಿದ್ದೆ. ಕಡ್ಡಿಯಿಂದ ಚುಚ್ಚಿ ನೋಡಿ: ಎಣ್ಣೆಯಾದರೆ ಮತ್ತೆ ಕೂಡಿಕೊಳ್ಳುತ್ತೆ, ಇದು ಗಾಜಿನ ಚೂರಿನಂಗೆ ಒಡೆದು ಬೇರೆ ಬೇರೆ ತೇಲುತ್ತೆ. ಕಬ್ಬಿಣ ತಿನ್ನೋ ಸೂಕ್ಷ್ಮಜೀವಿ ಕಟ್ಟಿದ ಪೊರೆ ಅದು.

2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ, ಇನ್ನೆರಡು ಮಳೆಗೆ ಹಳ್ಳ ತಿಳಿಯಾಗುತ್ತೆ ಅಂತ ಊರಲ್ಲಿ ಮಾತಾಡಿಕೊಂಡಿದ್ವಿ. ಲಾರಿ ನಿಂತವು, ಧೂಳು ಇಳಿಯಿತು. ಡಂಪಿನ ಜಿನುಗು ಮಾತ್ರ ನಿಲ್ಲಲಿಲ್ಲ. ಅಗೆದು ಸುರಿದ ಮಣ್ಣಿನೊಳಗೆ ಮಳೆ ಇಳಿಯುತ್ತಿರೋವರೆಗೂ ಅದು ಜಿನುಗುತ್ತಲೇ ಇರುತ್ತೆ.

ನೀರು ಪರೀಕ್ಷೆಗೆ ಕೊಟ್ಟಾಗ ಕಬ್ಬಿಣ ಲೀಟರಿಗೆ 6 ಮಿಲಿಗ್ರಾಂ ಚಿಲ್ಲರೆ, ಮ್ಯಾಂಗನೀಸು 2ರ ಹತ್ತಿರ. ಯಾವುದೇ ಆಗಲಿ ಒಂದೂವರೆ ದಾಟಿದರೆ ಡ್ರಿಪ್ಪರ್ ಕಟ್ಟೋದು ಖಂಡಿತ. ಸ್ಯಾಂಡ್ ಫಿಲ್ಟರು, ಡಿಸ್ಕ್ ಫಿಲ್ಟರು ಎರಡೂ ಇದ್ದವು. ಆದರೆ ಕರಗಿದ್ದನ್ನ ಫಿಲ್ಟರ್ ಹಿಡಿಯಲ್ಲ. ಡ್ರಿಪ್ ಹಾಕಿಕೊಟ್ಟ ಏಜೆಂಟು ಬ್ಲೀಚಿಂಗ್ ಪೌಡರ್ ಬಿಡಿ ಅಂದ, ಬಿಟ್ಟೆ. ಕೆಂಪು ಹೋಯಿತು, ಹದಿನೈದು ದಿನ ಖುಷಿಯಾಗಿದ್ದೆ. ಮೂರನೇ ವಾರಕ್ಕೆ ಕೊನೆ ಸಾಲಿನ ಗಿಡ ಬಾಡಿದವು. ಪೈಪು ಸೀಳಿ ನೋಡಿದರೆ ಒಳಗೆಲ್ಲ ಕಾಡಿಗೆ ಬಳಿದಂಗೆ ಕರೀ ಲೋಳೆ. ಬ್ಲೀಚಿಂಗಿನ ಕ್ಲೋರಿನ್ನಿಗೆ ಕಬ್ಬಿಣ ತಕ್ಷಣ ಗಟ್ಟಿಯಾಗುತ್ತೆ, ಮ್ಯಾಂಗನೀಸು ನಿಧಾನ. ಫಿಲ್ಟರ್ ದಾಟೋವರೆಗೂ ಕರಗಿಕೊಂಡೇ ಬಂದು, ಪೈಪಿನೊಳಗೆ ಹೋಗಿ ಗಟ್ಟಿಯಾಗುತ್ತೆ. ಮೊದಲನೇ ಸೆಟ್ ಪೈಪು ಹೋಗಿದ್ದು ಹಿಂಗೆ.

ಆಮೇಲೆ ಕರಗಿದ್ದನ್ನ ಪೈಪಿಗೆ ಹೋಗೋ ಮೊದಲೇ ಕೂರಿಸೋಕೆ ಒಂದೇ ದೊಡ್ಡ ಗುಂಡಿ ತೆಗೆಸಿ ಸುಣ್ಣದ ಕಲ್ಲಿನ ಜಲ್ಲಿ ತುಂಬಿಸಿದೆ. ಜೆಸಿಬಿ, ಜಲ್ಲಿ, ಬಾಡಿಗೆ ಸೇರಿ ಹತ್ತಿರ ಹತ್ತಿರ 45 ಸಾವಿರ. ಒಂದು ತಿಂಗಳು ಚೆನ್ನಾಗಿತ್ತು. ಎರಡನೇ ತಿಂಗಳಿಗೆ ಪ್ರತಿ ಕಲ್ಲಿನ ಮೇಲೂ ತುಕ್ಕಿನ ಚಿಪ್ಪು ಕಟ್ಟಿತು. ಒಡೆದರೆ ಒಳಗೆ ಕಲ್ಲು ಬೆಳ್ಳಗೇ ಇದೆ, ನೀರಿಗೆ ಮುಟ್ಟುತ್ತಿಲ್ಲ. ನಮ್ಮ ದೊಡ್ಡಪ್ಪ ಬಂದು ನೋಡಿ, "ಕಲ್ಲು ತೊಳ್ಕೊಂತ ಕುಂದ್ರಬ್ಯಾಡೋ ತಮ್ಮಾ, ಆ ದುಡ್ಡಾಗ ಒಂದು ಬೋರ್ ಕೊರಿಸು" ಅಂದರು. ಊರಲ್ಲಿ ಎಲ್ಲರದ್ದೂ ಅದೇ ಮಾತು. ಬೋರ್ ಕೊರೆಸಿದವರ ನೀರೂ ನೋಡಿದ್ದೆ, ಅದರಲ್ಲೂ ತುಕ್ಕಿನ ವಾಸನೆ ಇತ್ತು. ಸಿಟ್ಟು ಬಂತು, ಎದುರು ಮಾತಾಡಲಿಲ್ಲ.

ಬುದ್ಧಿ ಕಲಿಸಿದ್ದು ಆ ಗುಂಡಿಯೇ. ನೀರು ಹೊರಗೆ ಬೀಳೋ ಜಾಗದಲ್ಲಿ ಐದಾರು ಕಲ್ಲು ಮಾತ್ರ ಕೆಂಪಾಗದೆ ಕಪ್ಪಾಗಿದ್ದವು. ಉಗುರಲ್ಲಿ ಕೆರೆದರೆ ಮಸಿಯಂಗೆ ಬೆರಳಿಗೆ ಅಂಟುತ್ತಿತ್ತು. ಪೈಪಿನೊಳಗೆ ಕಂಡಿದ್ದ ಅದೇ ಕಪ್ಪು. ಕಬ್ಬಿಣ ಮುಗಿದ ಮೇಲೇ ಮ್ಯಾಂಗನೀಸು ಕಲ್ಲಿಗೆ ಕೂರೋದು. ಕರಗಿದ ಕಬ್ಬಿಣ ಇನ್ನೂ ಇದ್ದರೆ ಕೂತ ಕಪ್ಪನ್ನೂ ಮತ್ತೆ ಕರಗಿಸಿಬಿಡುತ್ತೆ. ಒಂದೇ ಜಾಗದಲ್ಲಿ ಎರಡೂ ಆಗೋ ಮಾತೇ ಅಲ್ಲ. ಜೊತೆಗೆ, ಒಮ್ಮೆ ಕಪ್ಪು ಹತ್ತಿದ ಕಲ್ಲು ತಾನೇ ಇನ್ನಷ್ಟು ಕಪ್ಪನ್ನು ಎಳೆದುಕೊಳ್ಳುತ್ತೆ. ಹಾಲಿಗೆ ಹೆಪ್ಪು ಹಾಕಿದಂಗೆ.

ಹಂಗಾಗಿ ಮೂರು ಹಂತ ಮಾಡಿದೆ. ಮೊದಲು ಕಡಪಾ ಕಲ್ಲಿನ ಆರು ಮೆಟ್ಟಿಲು, ನೀರು ತೆಳ್ಳಗೆ ಹರಡಿ ಗಾಳಿ ಕುಡಿದು ಇಳಿಯಬೇಕು. ಆಮೇಲೆ 30 ಅಡಿ ಉದ್ದ, 15 ಅಡಿ ಅಗಲ, 5 ಅಡಿ ಆಳದ ಗುಂಡಿ. ದಿನಕ್ಕೆ 20 ಸಾವಿರ ಲೀಟರ್ ಬಿಡ್ತೀನಿ, ಮೂರು ದಿನ ನಿಂತು ಕೆಂಪೆಲ್ಲ ಇಲ್ಲೇ ಕೂರುತ್ತೆ. ದಂಡೆಗೆ ಎರಡು ಸಾಲು ಲಾವಂಚ. ಕೊನೆಗೆ ಮ್ಯಾಂಗನೀಸು ಹಿಡಿಯೋಕೆ 40 ಅಡಿ ಉದ್ದ, 12 ಅಡಿ ಅಗಲದ ಕಲ್ಲಿನ ಹಾಸು. ಆಳ ಒಂದೇ ಅಡಿ, ಅದಕ್ಕಿಂತ ಹೆಚ್ಚು ಬೇಡವೇ ಬೇಡ. ಹಳೇ ಗುಂಡಿಯ ಸುಣ್ಣದ ಜಲ್ಲಿಯನ್ನೇ ಚಿಪ್ಪು ಒಡೆದು ತೊಳೆದು ಹಾಕಿದೆ. ಮೇಲೆ ಹೆಪ್ಪಿಗೆ ಅಂತ ಆ ಕಪ್ಪು ಹತ್ತಿದ ಕರಿ ಕಲ್ಲು ಹರಡಿದೆ. ಹೊಸದಾಗಿ ಆದ ಖರ್ಚು 70 ಸಾವಿರದೊಳಗೆ, ಅದರಲ್ಲಿ ಅರ್ಧ ಜೆಸಿಬಿಗೆ. ಹೆಪ್ಪಿಗೆ ಬೇಕಾದಷ್ಟು ಕರಿ ಕಲ್ಲು ಆ ಐದಾರರಲ್ಲಿ ಎಲ್ಲಿ ಸಾಕಾಗುತ್ತೆ? ಉಳಿದದ್ದು ಎಲ್ಲಿಂದ ತಂದೆ ಅನ್ನೋದು ನನ್ನ ಹತ್ತಿರವೇ ಇರಲಿ. ಹೆಪ್ಪಿಲ್ಲದ ಮೂಲೆ ಕಪ್ಪಾಗಲು ಎರಡೂವರೆ ತಿಂಗಳು ಬೇಕಾಯಿತು, ಹೆಪ್ಪಿದ್ದ ಕಡೆ ಮೂರು ವಾರ ಸಾಕಾಯಿತು. ಅಷ್ಟು ಹೇಳಿದ್ದೀನಿ.

ಆಮೇಲೂ ಒಂದು ಸಲ ಮಕಾಡೆ ಬಿದ್ದೆ. ಮೋಟಾರ್ ಸುಟ್ಟು ಹನ್ನೆರಡು ದಿನ ನೀರು ಬಿಡಲಿಲ್ಲ. ಬೇವಿನ ಎಲೆ ಉದುರಿ ಹಾಸಿನ ಮೇಲೆ ಕೊಳೆತಿತ್ತು. ಮೋಟಾರ್ ಬಂದ ದಿನ ನೀರು ಬಿಟ್ಟು ಸ್ಯಾಂಪಲ್ ಕೊಟ್ಟೆ: ಮ್ಯಾಂಗನೀಸು ಒಳಗೆ ಹೋಗಿದ್ದು 2, ಹೊರಗೆ ಬಂದಿದ್ದು 3ರ ಮೇಲೆ! ಲ್ಯಾಬಿನವರು ಬಾಟಲಿ ಅದಲು ಬದಲಾಗಿದೆ ಅಂದರು. ಬಾಟಲಿ ಸರಿಯಾಗೇ ಇತ್ತು. ಎಲೆ ಕೊಳೆತು ನೀರಿನ ಗಾಳಿ ಖಾಲಿಯಾದರೆ ಕಲ್ಲು ಹಿಡಿದಿದ್ದನ್ನೆಲ್ಲ ವಾಪಸ್ ಬಿಟ್ಟುಬಿಡುತ್ತೆ. ಅವತ್ತಿನಿಂದ ಮೇಲೆ ಶೇಡ್ ನೆಟ್ ಕಟ್ಟಿದ್ದೀನಿ. ನೀರು ನಿಂತರೆ ಹಾಸನ್ನ ಪೂರ್ತಿ ಬಸಿದುಬಿಡ್ತೀನಿ, ಶುರುವಿನ ಎರಡು ದಿನದ ನೀರು ಗಿಡಕ್ಕೆ ಬಿಡಲ್ಲ.

ನಡುವೆ ಬೇರೆ ಬೇರೆಯೂ ಮಾಡಿ ನೋಡಿದ್ದೀನಿ. ನುಗ್ಗೆ ಬೀಜದ ಪುಡಿ ಮಳೆಗಾಲದ ರಾಡಿಗೆ ಬಹಳ ಒಳ್ಳೇದು, ಬಕೆಟ್ಟಿಗೆ ಸ್ವಲ್ಪ ಹಾಕಿ ಕದಡಿ ಬಿಟ್ಟರೆ ಮಣ್ಣು ಕೂರುತ್ತೆ. ಕರಗಿದ ಮ್ಯಾಂಗನೀಸಿಗೆ ಏನೂ ಮಾಡಲಿಲ್ಲ. ಬಳ್ಳಾರಿ ಜಾಲಿಯ ಇದ್ದಿಲು ಎರಡು ಚೀಲ ಹಾಕಿದೆ, ನೀರಿನ ವಾಸನೆ ಹೋಯಿತು, ಮ್ಯಾಂಗನೀಸಿನ ಲೆಕ್ಕ ಬದಲಾಗಲಿಲ್ಲ. ಗುಂಡಿಯ ಕೆಂಪು ಗಸಿಯನ್ನ ಇಟ್ಟಿಗೆ ಸುಡೋ ಗೆಳೆಯನಿಗೆ ಕೊಟ್ಟೆ, ಹತ್ತಕ್ಕೆ ಒಂದು ಪಾಲು ಸೇರಿಸಿದ, ಇಟ್ಟಿಗೆ ಬಣ್ಣ ಜೋರಾಗಿ ಬಂತು. ಗಸಿಯನ್ನ ಹೊಲಕ್ಕೆ ಮಾತ್ರ ಚೆಲ್ಲಬೇಡಿ, ಮತ್ತೆ ಹಳ್ಳಕ್ಕೂ ತಳ್ಳಬೇಡಿ, ನಮ್ಮ ಕೆಳಗೆ ತಾರಾನಗರದ ಡ್ಯಾಂ ಇದೆ. ನಾನು ಬೇರೆ ಗುಂಡಿಗೆ ತಾಡಪಾಲು ಹಾಸಿ ಒಣಗಿಸ್ತೀನಿ.

ಕೊನೇ ವರದಿಯಲ್ಲಿ ಕಬ್ಬಿಣ 0.2, ಮ್ಯಾಂಗನೀಸು 0.1ಕ್ಕಿಂತ ತುಸು ಮೇಲೆ. ಆಸಿಡ್ ಬಿಟ್ಟಿದ್ದು ವರ್ಷಕ್ಕೆ ಒಂದು ಸಲ, ಮೊದಲು ತಿಂಗಳಿಗೆ ಎರಡು ಸಲ ಬಿಡುತ್ತಿದ್ದೆ. ಇದು ಗಿಡದ ನೀರು, ಇಷ್ಟಾಯಿತು ಅಂತ ಯಾರೂ ಕುಡಿಯೋಕೆ ಹೋಗಬೇಡಿ. ಬೇರೆ ಲೋಹ ಇದೆಯೋ ಇಲ್ಲವೋ ಅಂತ ಈ ಹಾಸು ಹೇಳಲ್ಲ.

ದೊಡ್ಡಪ್ಪ ಹೋದ ತಿಂಗಳು ಕೊನೇ ಸಾಲಿನ ಡ್ರಿಪ್ಪರ್ ಕೆಳಗೆ ಅಂಗೈ ಹಿಡಿದು ಬಹಳ ಹೊತ್ತು ಕೂತಿದ್ದರು. ಎದ್ದು, "ನಮ್ಮ ಹೊಲಕ್ಕೂ ಒಂದು ಮಾಡಿಕೊಡು" ಅಂದರು. ಅವರ ಗುಂಡಿ ಅಗೆದಾಗಿದೆ, ಮೆಟ್ಟಿಲು ಬಾಕಿ. ಹೆಪ್ಪಿನ ಕಲ್ಲು ಬೇಕಾದ ಅಕ್ಕಪಕ್ಕದವರು ಒದ್ದೆ ಗೋಣಿಚೀಲ ತಗೊಂಡು ಬನ್ನಿ, ತಲೆಗೊಂದು ಚೀಲ ಕೊಡ್ತೀನಿ. ದಾರಿಯಲ್ಲಿ ಒಣಗೋಕೆ ಬಿಡಬೇಡಿ. ಹೂವು ಬಿಡೋ ಕಾಲ ಬಂದ ಮೇಲೆ ಹಾಸು ಕದಲಿಸಲ್ಲ.