ಎಸಿ ಇಲ್ಲದ ಹಳೆಯ ಕಾರು, ಹಬೆಗಟ್ಟುವ ಗಾಜು: ಚಳಿ ದೇಶಕ್ಕೆ ಹೊರಟ ನಮ್ಮವರಿಗೆ

ಆಗಸ್ಟ್‌ನಲ್ಲಿ ವಿಮಾನ ಹತ್ತಲಿರುವ ಮಕ್ಕಳಿರುವ ಮನೆಗಳಿಗೆ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಗಳಲ್ಲಿ ಈಗ ಕೊರತೆಯಿಲ್ಲ. ಅಮೆರಿಕದ ಮಿನ್ನೆಸೋಟದಲ್ಲಿ ಬಹುಕಾಲದಿಂದ ನೆಲೆಸಿರುವ ನಾನು ಮಳೆಗಾಲದಲ್ಲಿ ಧಾರವಾಡಕ್ಕೆ ಬಂದಾಗ ಇಂಥ ಮನೆಗಳಿಂದ ಕರೆ ಬರುತ್ತದೆ. ಶೇಂಗಾ ಚಟ್ನಿಯನ್ನು ಹೇಗೆ ಕಟ್ಟಬೇಕು, ಕಡಕ್ ರೊಟ್ಟಿ ಎಷ್ಟು ದಿನ ತಡೆಯುತ್ತದೆ, ಸ್ವೆಟರ್ ಇಲ್ಲಿಂದಲೇ ಒಯ್ಯಬೇಕೇ ಎಂದು ತಾಯಂದಿರು ಕೇಳುತ್ತಾರೆ. ಕಾರಿನ ಗಾಜಿನ ಬಗ್ಗೆ ಯಾರೂ ಕೇಳುವುದಿಲ್ಲ. ಆದರೆ ಹೊಸದಾಗಿ ಬಂದ ನಮ್ಮ ಹುಡುಗ ಹುಡುಗಿಯರು ಮೊದಲ ಚಳಿಗಾಲದಲ್ಲಿ ಗಾಜಿನ ಮೇಲೆ ಅಂಗೈಯಗಲ ಜಾಗವನ್ನಷ್ಟೇ ಕೆರೆದುಕೊಂಡು, ಆ ಕಿಂಡಿಯಿಂದ ರಸ್ತೆ ನೋಡುತ್ತ ಹೊರಡುವುದನ್ನು ಕಂಡಾಗ ನನ್ನ ಎದೆ ಝಲ್ಲೆನ್ನುತ್ತದೆ. ಅಡ್ಡ ಬರುವ ಮಗು ಆ ಕಿಂಡಿಯಲ್ಲಿ ಕಾಣುವುದಿಲ್ಲ.

ಓದಲು ಬಂದವರು ಕೊಳ್ಳುವುದು ಸಾಮಾನ್ಯವಾಗಿ ಬಹಳ ಓಡಿದ ಹಳೆಯ ಕಾರು. ಅದರ ಎಸಿ ಕೆಟ್ಟಿರುತ್ತದೆ, ಬೆಲೆಯೂ ಅದಕ್ಕೆ ತಕ್ಕಂತೆ ಇಳಿದಿರುತ್ತದೆ. ‘ಈ ಚಳಿಯಲ್ಲಿ ಎಸಿ ಯಾರಿಗೆ ಬೇಕು’ ಎಂದು ಮಾರುವವರು ಹೇಳುತ್ತಾರೆ. ಆ ಮಾತು ಅರ್ಧ ಮಾತ್ರ ನಿಜ. ಎಸಿ ಗಾಳಿಯನ್ನು ತಂಪು ಮಾಡುವುದರ ಜೊತೆಗೆ ಅದರಲ್ಲಿನ ತೇವವನ್ನೂ ಹಿಂಡಿ ತೆಗೆಯುತ್ತದೆ. ಆದ್ದರಿಂದಲೇ ಬಹಳಷ್ಟು ಕಾರುಗಳಲ್ಲಿ ಗಾಜು ತಿಳಿಗೊಳಿಸುವ ಗುಂಡಿ ಒತ್ತಿದರೆ ಎಸಿ ತಾನಾಗಿಯೇ ಚಾಲೂ ಆಗುತ್ತದೆ. ಹಾಗೆಂದು ಹೆದರಿ ಕಾರು ಬೇಡವೆನ್ನಬೇಕಾಗಿಲ್ಲ. ಹೊರಗಿನ ಉಷ್ಣತೆ ಸೊನ್ನೆಯ ಹತ್ತಿರಕ್ಕೆ ಇಳಿದಾಗ ಎಸಿಯ ಕಂಪ್ರೆಸರ್ ಬಹುತೇಕ ಕಾರುಗಳಲ್ಲಿ ಕೆಲಸವನ್ನೇ ನಿಲ್ಲಿಸುತ್ತದೆ. ಅಂದರೆ ಕಡು ಚಳಿಯಲ್ಲಿ ಎಸಿ ಇದ್ದವರೂ ಇಲ್ಲದವರೂ ಒಂದೇ. ಎಲ್ಲರಿಗೂ ಆಧಾರ ಹೀಟರ್ ಮತ್ತು ಗಾಳಿ ಊದುವ ಫ್ಯಾನ್, ಅಂದರೆ ಬ್ಲೋವರ್.

ಹೀಟರ್‌ಗೂ ಎಸಿಗೂ ಸಂಬಂಧವಿಲ್ಲ. ಎಂಜಿನ್ ತಣಿಸಲು ಸುತ್ತುವ ಕೂಲೆಂಟ್ ಬಿಸಿಯಾಗುತ್ತದಲ್ಲ, ಅದೇ ಬಿಸಿಯನ್ನು ಡ್ಯಾಶ್‌ಬೋರ್ಡಿನ ಹಿಂದಿರುವ ಒಂದು ಪುಟ್ಟ ರೇಡಿಯೇಟರಿಗೆ ಹಾಯಿಸಿ, ಅದರ ಮೂಲಕ ಗಾಳಿ ಊದಿಸುತ್ತಾರೆ. ಕಾರು ಕೊಳ್ಳುವ ಮುನ್ನ ಎಂಜಿನ್ ಬಿಸಿಯಾಗುವವರೆಗೆ ಓಡಿಸಿ ನೋಡಿ. ಗಾಜಿನ ಬುಡದಿಂದ ಚುರುಕಾಗಿ ಬಿಸಿ ಗಾಳಿ ಬರಬೇಕು, ಬ್ಲೋವರ್ ಎಲ್ಲ ವೇಗಗಳಲ್ಲೂ ತಿರುಗಬೇಕು, ಹಿಂದಿನ ಗಾಜಿನಲ್ಲಿರುವ ತೆಳು ಗೆರೆಗಳು ವಿದ್ಯುತ್ತಿನಿಂದ ಬಿಸಿಯಾಗಬೇಕು. ಈ ಮೂರೂ ಸರಿಯಿದ್ದರೆ ಎಸಿ ಕೆಟ್ಟ ಕಾರನ್ನು ಧೈರ್ಯವಾಗಿ ಕೊಳ್ಳಿ. ಹೀಟರ್ ಕೆಟ್ಟಿದ್ದರೆ, ಎಷ್ಟೇ ಅಗ್ಗವಾಗಿ ಕೊಟ್ಟರೂ ಬೇಡ. ಗಾಜಿನ ಒಳಮೈಗೆ ಜಿಡ್ಡು ಹಬೆ ಹತ್ತುತ್ತಿದ್ದು, ಕಾರಿನೊಳಗೆ ಸಿಹಿ ಸಿಹಿ ವಾಸನೆಯಿದ್ದರೆ ಆ ಪುಟ್ಟ ರೇಡಿಯೇಟರ್ ಸೋರುತ್ತಿದೆ ಎಂದರ್ಥ. ಅದರ ದುರಸ್ತಿ ದುಬಾರಿ, ಏಕೆಂದರೆ ಡ್ಯಾಶ್‌ಬೋರ್ಡನ್ನೇ ಬಿಚ್ಚಬೇಕಾಗುತ್ತದೆ.

ಗಾಜಿಗೆ ಹಬೆ ಕಟ್ಟುವ ಪಾಠವನ್ನು ಇಲ್ಲಿ, ಈ ಮಳೆಯಲ್ಲೇ ಕಲಿತು ಹೋಗಬಹುದು. ಧಾರವಾಡದ ಜುಲೈ ಜಡಿಮಳೆಯಲ್ಲಿ ಹಳೆಯ ಮಾರುತಿ 800 ಅಥವಾ ಓಮ್ನಿಯಲ್ಲಿ ನಾಲ್ಕು ಜನ ತೊಯ್ದು ಕುಳಿತು, ಕಿಟಕಿಗಳನ್ನೆಲ್ಲ ಏರಿಸಿಕೊಂಡು ಹುಬ್ಬಳ್ಳಿಯ ಕಡೆಗೆ ಹೊರಟರೆ ನವಲೂರು ದಾಟುವಷ್ಟರಲ್ಲಿ ಗಾಜು ಬೆಳ್ಳಗಾಗುತ್ತದೆ. ಉಸಿರು, ಒದ್ದೆ ಬಟ್ಟೆ, ಒದ್ದೆ ಕೊಡೆ ಎಲ್ಲವೂ ಗಾಳಿಗೆ ನೀರು ಬೆರೆಸುತ್ತಿರುತ್ತವೆ. ಆ ಗಾಳಿ ತಣ್ಣನೆಯ ಗಾಜನ್ನು ಮುಟ್ಟಿದೊಡನೆ ನೀರು ಹನಿಗಟ್ಟುತ್ತದೆ. ಆಗ ಮೊದಲು ಬೆರಳಿನಿಂದ ಒಳಮೈಯನ್ನು ಒರೆಸಿ ನೋಡಿ. ಗೆರೆ ಮೂಡಿದರೆ ಹಬೆ ಒಳಗಿದೆ. ಮೂಡದಿದ್ದರೆ ಅದು ಹೊರಗಿದೆ, ವೈಪರ್ ಒಮ್ಮೆ ಆಡಿಸಿದರೆ ಹೋಗುತ್ತದೆ. ಎಸಿ ಜೋರಾಗಿ ಹಾಕಿಕೊಂಡು ಹೋಗುವ ಹೊಸ ಕಾರುಗಳಿಗೆ ನಮ್ಮ ಮಳೆಗಾಲದಲ್ಲಿ ಕಟ್ಟುವುದು ಹೆಚ್ಚಾಗಿ ಈ ಹೊರಗಿನ ಹಬೆ. ಒಳಗಿನದಾದರೆ ಎದುರುಬದುರಿನ ಎರಡು ಕಿಟಕಿಗಳನ್ನು ಎರಡು ಬೆರಳಿನಷ್ಟು ಇಳಿಸಿ, ಬ್ಲೋವರನ್ನು ಗಾಜಿನ ಕಡೆಗೆ ತಿರುಗಿಸಿ, ಹೊರಗಿನ ಗಾಳಿ ಒಳಬರುವಂತೆ ಇಡಿ. ಗಾಜು ತಿಳಿಯಾಗುವುದನ್ನು ನಿಮ್ಮ ಕಣ್ಣಿನಿಂದಲೇ ನೋಡಿ. ಈ ಅಭ್ಯಾಸ ಕೈಗೆ ಹತ್ತಿದರೆ ಅಲ್ಲಿಗೆ ಹೋದ ಮೇಲೆ ಗಾಬರಿಯಾಗುವುದಿಲ್ಲ.

ಅಲ್ಲಿ ಎಲ್ಲರೂ ಎಡವುವುದು ಒಂದು ಗುಂಡಿಯಲ್ಲಿ. ಕಾರಿನ ಚಿತ್ರದೊಳಗೆ ಸುತ್ತು ಬಾಣವಿರುವ ಗುಂಡಿ ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ತಿರುಗಿಸುತ್ತದೆ. ಚಳಿಗೆ ಅದು ಹಿತವೆನಿಸುತ್ತದೆ, ಕಾರು ಬೇಗ ಬೆಚ್ಚಗಾಗುತ್ತದೆ. ಆದರೆ ನೀವು ಬಿಟ್ಟ ಉಸಿರಿನ ತೇವವೆಲ್ಲ ಒಳಗೇ ಉಳಿಯುತ್ತದೆ. ಎಸಿ ಇಲ್ಲದ ಕಾರಿನಲ್ಲಿ ಚಳಿಗಾಲ ಮುಗಿಯುವವರೆಗೂ ಆ ಗುಂಡಿ ಆರಿಯೇ ಇರಲಿ. ಹೊರಗೆ ಹಿಮ ಸುರಿಯುತ್ತಿರುವಾಗ ಆ ಗಾಳಿಯನ್ನು ಒಳಗೆ ಬಿಟ್ಟುಕೊಂಡರೆ ತೇವ ಹೆಚ್ಚುವುದಿಲ್ಲವೇ ಎಂದು ನಮ್ಮವರು ಕೇಳುತ್ತಾರೆ. ಹೆಚ್ಚುವುದಿಲ್ಲ. ತಣ್ಣನೆಯ ಗಾಳಿ ಹಿಡಿದಿಟ್ಟುಕೊಳ್ಳುವ ನೀರು ಬಹಳ ಕಡಿಮೆ. 20 ಡಿಗ್ರಿ ಸೆಲ್ಸಿಯಸ್‌ನ ಗಾಳಿಯ ಒಂದು ಘನ ಮೀಟರಿನಲ್ಲಿ ಹೆಚ್ಚೆಂದರೆ ಸುಮಾರು 17 ಗ್ರಾಂ ನೀರಾವಿ ಹಿಡಿಯುತ್ತದೆ. ಸೊನ್ನೆ ಡಿಗ್ರಿಯಲ್ಲಿ 5 ಗ್ರಾಂ ಕೂಡ ಇಲ್ಲ. ಮೈನಸ್ 10ರಲ್ಲಿ 2 ಗ್ರಾಂಗಿಂತ ತುಸು ಹೆಚ್ಚು. ಆ ಗಾಳಿಯನ್ನು ಹೀಟರ್ ಬಿಸಿ ಮಾಡಿದಾಗ ಅದು ನೀರಿಗೆ ಬಾಯಾರಿದ ಗಾಳಿಯಾಗಿ ಗಾಜಿನ ಹಬೆಯನ್ನು ಹೀರಿಕೊಳ್ಳುತ್ತದೆ. ಎಸಿ ಮಾಡುವ ಕೆಲಸವನ್ನು ಚಳಿಯೇ ಪುಕ್ಕಟೆಯಾಗಿ ಮಾಡಿಕೊಡುತ್ತದೆ.

ನಿಜವಾಗಿ ಕಷ್ಟವಾಗುವುದು ಕಡು ಚಳಿಯಲ್ಲಲ್ಲ. 5ರಿಂದ 12 ಡಿಗ್ರಿಯ ಒದ್ದೆ ದಿನಗಳಲ್ಲಿ. ಅಕ್ಟೋಬರ್‌ನ ಮಳೆ, ಮಾರ್ಚ್‌ನಲ್ಲಿ ಕರಗುವ ಹಿಮ, ಇಂಗ್ಲೆಂಡಿಗೆ ಹೋದವರಿಗಂತೂ ಚಳಿಗಾಲದ ಬಹುಪಾಲು ದಿನಗಳು ಇಂಥವೇ. ಆಗ ಎಸಿಯ ಕೊರತೆ ಚೆನ್ನಾಗಿ ಗೊತ್ತಾಗುತ್ತದೆ, ಅದೂ ಎಂಜಿನ್ ಇನ್ನೂ ತಣ್ಣಗಿರುವ ಮೊದಲ ಕೆಲವು ನಿಮಿಷಗಳಲ್ಲಿ. ಉಷ್ಣತೆಯ ಗುಂಡಿಯನ್ನು ಕೆಂಪಿನ ತುದಿಗೆ ತಿರುಗಿಸಿ, ಗಾಳಿಯನ್ನು ಪೂರ್ತಿ ಗಾಜಿಗೆ ಬಿಟ್ಟು, ಕಿಟಕಿಯನ್ನು ತುಸು ಇಳಿಸಿ ಕಾಯಿರಿ. ಕಾಲಿಗೆ ಬೆಚ್ಚಗಾಗಲಿ ಎಂದು ಗಾಳಿಯನ್ನು ಕೆಳಕ್ಕೆ ತಿರುಗಿಸುವ ಆಸೆಯಾಗುತ್ತದೆ. ಮೊದಲು ಗಾಜು, ಆಮೇಲೆ ಕಾಲು.

ತೇವವನ್ನು ಕಾರಿನೊಳಕ್ಕೆ ಹೊತ್ತು ತರುವವರೂ ನಾವೇ. ಹತ್ತುವ ಮುನ್ನ ಬೂಟುಗಳನ್ನು ಒಂದಕ್ಕೊಂದು ಬಡಿದು ಹಿಮ ಉದುರಿಸಿ. ಬಟ್ಟೆಯ ಮ್ಯಾಟ್ ತೆಗೆದು ಅಂಚು ಎತ್ತರವಿರುವ ರಬ್ಬರ್ ಮ್ಯಾಟ್ ಹಾಕಿ, ಅದರಲ್ಲಿ ನಿಂತ ನೀರನ್ನು ಸಂಜೆ ಚೆಲ್ಲಿ. ಒದ್ದೆ ಜಾಕೆಟ್ ಹಿಂದಿನ ಸೀಟಿನಲ್ಲಿ ರಾತ್ರಿ ಕಳೆಯಬಾರದು. ಬಾನೆಟ್ ಮತ್ತು ಗಾಜು ಸೇರುವಲ್ಲಿನ ಜಾಲರಿಯ ಮೂಲಕವೇ ಹೊರಗಿನ ಗಾಳಿ ಒಳಬರುತ್ತದೆ. ಶರತ್ಕಾಲದ ಎಲೆಗಳು ಅಲ್ಲಿ ತುಂಬಿಕೊಂಡು ಕೊಳೆತರೆ ಗಾಳಿಯೂ ಬಾರದು, ನೀರೂ ಹರಿದು ಹೋಗದು. ಒಳಬರುವ ಗಾಳಿಯನ್ನು ಸೋಸುವ ಕ್ಯಾಬಿನ್ ಫಿಲ್ಟರ್ ಕಟ್ಟಿಕೊಂಡಿದ್ದರೆ ಬದಲಿಸಿ. ಅದು ಕೈಯಿಂದಲೇ ಆಗುವ ಕೆಲಸ. ತೇವ ಹೀರುವ ಸಿಲಿಕಾ ಜೆಲ್ ಚೀಲವೊಂದನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟರೆ ನಿಲ್ಲಿಸಿದ ಕಾರಿಗೆ ಸ್ವಲ್ಪ ಉಪಯೋಗವಿದೆ, ನಾಲ್ಕು ಜನ ಉಸಿರಾಡುವ ಕಾರಿಗೆ ಅದು ಸಾಲದು.

ಗಾಜಿನ ಒಳಮೈಯನ್ನು ಶುಚಿಯಾಗಿಡುವುದಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ಒತ್ತು ಕೊಡುತ್ತೇನೆ, ಏಕೆಂದರೆ ಯಾರೂ ಅದನ್ನು ಮಾಡುವುದಿಲ್ಲ. ಬಿಸಿಲಿಗೆ ಪ್ಲಾಸ್ಟಿಕ್ ಬಿಡುವ ಆವಿ, ಕೈಯ ಎಣ್ಣೆ, ಧೂಳು ಎಲ್ಲ ಸೇರಿ ಅಲ್ಲೊಂದು ಪೊರೆ ಕಟ್ಟಿರುತ್ತದೆ. ಹಬೆಯ ಹನಿಗಳಿಗೆ ಆ ಪೊರೆಯೇ ನೆಲೆ. ಗಾಜು ತೊಳೆಯುವ ದ್ರವದಿಂದ ಒಮ್ಮೆ ಒರೆಸಿ, ಬಳಿಕ ಒಣಗಿದ ಮೈಕ್ರೋಫೈಬರ್ ಬಟ್ಟೆಯಿಂದ ಇನ್ನೊಮ್ಮೆ ಒರೆಸಿ. ಹಬೆ ಕಟ್ಟಿದಾಗ ಅಂಗೈಯಿಂದ ಉಜ್ಜಬೇಡಿ. ಆ ಜಿಡ್ಡು ರಾತ್ರಿ ಎದುರಿನ ದೀಪಗಳ ಬೆಳಕಿನಲ್ಲಿ ಕಣ್ಣು ಕುಕ್ಕುತ್ತದೆ. ಶೇವಿಂಗ್ ಫೋಮನ್ನು ತೆಳ್ಳಗೆ ಸವರಿ, ಗಾಜು ಪೂರ್ತಿ ಪಾರದರ್ಶಕವಾಗುವವರೆಗೆ ಒರೆಸಿ ತೆಗೆದರೆ ಅದರ ಸಾಬೂನಿನ ಅಂಶ ಉಳಿದು, ನೀರು ಹನಿಗಟ್ಟದೆ ತೆಳುವಾಗಿ ಹರಡಿಕೊಳ್ಳುತ್ತದೆ. ಕೆಲವು ದಿನಗಳ ಮಟ್ಟಿಗೆ ಇದು ಫಲ ಕೊಡುತ್ತದೆ. ನಮ್ಮ ಕಡೆಯ ಲಾರಿ ಚಾಲಕರು ಮಳೆಯಲ್ಲಿ ಗಾಜಿನ ಹೊರಮೈಗೆ ತಂಬಾಕನ್ನೋ ಹೆಚ್ಚಿದ ಆಲೂಗಡ್ಡೆಯನ್ನೋ ಉಜ್ಜುವುದೂ ಇದೇ ತತ್ವದ ಮೇಲೆ. ಮಳೆಗೆ ಅದು ಸರಿ. ಮಂಜುಗಡ್ಡೆಗೆ ಅದನ್ನು ನಂಬಬೇಡಿ.

ಇನ್ನು ಮಂಜುಗಡ್ಡೆ. ಇದರ ಅಭ್ಯಾಸಕ್ಕೆ ನಮ್ಮೂರಿನಲ್ಲಿ ಅವಕಾಶವೇ ಇಲ್ಲ, ಆದ್ದರಿಂದ ಓದಿಯೇ ತಿಳಿಯಬೇಕು. ಮೊದಲನೆಯದಾಗಿ, ಗಾಜಿನ ಮೇಲೆ ಬಿಸಿನೀರು ಸುರಿಯಬೇಡಿ. ಬಚ್ಚಲೊಲೆಯ ಹಂಡೆ ನೀರು ಕಂಡು ಬೆಳೆದ ನಮಗೆ ಮೊದಲು ಹೊಳೆಯುವುದೇ ಅದು. ಮೈನಸ್ ಡಿಗ್ರಿಯಲ್ಲಿರುವ ಗಾಜಿಗೆ ಬಿಸಿನೀರು ಬಿದ್ದರೆ ಗಾಜು ಬಿರುಕು ಬಿಡಬಹುದು. ಬಿಡದಿದ್ದರೂ ಆ ನೀರು ನೆಲದಲ್ಲಿ ಮತ್ತೆ ಹೆಪ್ಪುಗಟ್ಟಿ, ನೀವೇ ಜಾರಿ ಬೀಳುತ್ತೀರಿ. ಪ್ಲಾಸ್ಟಿಕ್‌ನ ಐಸ್ ಸ್ಕ್ರೇಪರ್ ಅಲ್ಲಿನ ಯಾವ ಅಂಗಡಿಯಲ್ಲೂ ಸಿಗುತ್ತದೆ. ಬ್ಯಾಂಕ್ ಕಾರ್ಡಿನಿಂದ ಕೆರೆಯುವವರ ಕಾರ್ಡು ಮುರಿಯುತ್ತದೆ, ಲೋಹದಿಂದ ಕೆರೆಯುವವರ ಗಾಜು ಗೀರುತ್ತದೆ. ಔಷಧಿ ಅಂಗಡಿಯ ಐಸೊಪ್ರೊಪೈಲ್ ಆಲ್ಕೊಹಾಲ್ ಎರಡು ಪಾಲು, ನೀರು ಒಂದು ಪಾಲು ಬೆರೆಸಿ ಸಿಂಪಡಿಸುವ ಬಾಟಲಿಗೆ ತುಂಬಿಡಿ. ಅದನ್ನು ಹೊರಗಿನಿಂದ ಸಿಂಪಡಿಸಿ, ಒಂದೆರಡು ನಿಮಿಷ ಬಿಟ್ಟು ಕೆರೆದರೆ ಗಡ್ಡೆ ಸಡಿಲಗೊಂಡು ಏಳುತ್ತದೆ. ಬೆಂಕಿ ಹತ್ತುವ ದ್ರವ, ಕಾರಿನೊಳಗೆ ಸಿಂಪಡಿಸಬಾರದು. ಹಿಂದಿನ ಗಾಜನ್ನು ಒಳಗಿನಿಂದ ಎಂದೂ ಕೆರೆಯಬೇಡಿ, ಬಿಸಿಯಾಗುವ ಗೆರೆಗಳು ಹರಿದುಹೋಗುತ್ತವೆ.

ರಾತ್ರಿಯೇ ಮಾಡಿಡುವ ಕೆಲಸಗಳಿಂದ ಬೆಳಗಿನ ಕಷ್ಟ ಬಹಳ ತಗ್ಗುತ್ತದೆ. ಬಯಲಿನಲ್ಲಿ ನಿಂತ ಕಾರಿನ ಗಾಜು ತಿಳಿಯಾದ ರಾತ್ರಿಯ ಆಕಾಶಕ್ಕೆ ತನ್ನ ಬಿಸಿಯನ್ನು ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಇಬ್ಬನಿ ಅದರ ಮೇಲೆಯೇ ಹೆಪ್ಪುಗಟ್ಟುತ್ತದೆ. ಹೀಗಾಗಿ ಒಂದು ಸೂರು ಅಥವಾ ದಟ್ಟ ಮರದ ನೆರಳು ಸಿಕ್ಕರೂ ಲಾಭವೇ. ಮೂತಿಯನ್ನು ಪೂರ್ವಕ್ಕೆ ಮಾಡಿ ನಿಲ್ಲಿಸಿದರೆ ಬೆಳಗಿನ ಬಿಸಿಲು ಅರ್ಧ ಕೆಲಸ ಮಾಡುತ್ತದೆ. ಗಾಜಿಗೆ ಹೊದಿಸಲು ತಾಡಪಾಲಿನ ತುಂಡು ಒಳ್ಳೆಯದು. ಹಳೆಯ ಚಾದರ ಬೇಡ, ಅದು ನೆನೆದು ಗಾಜಿಗೇ ಅಂಟಿ ಹೆಪ್ಪುಗಟ್ಟುತ್ತದೆ. ಎಂಜಿನ್ ಆರಿಸುವ ಮುನ್ನ ವೈಪರ್ ಆರಿಸಿ. ಇಲ್ಲದಿದ್ದರೆ ಬೆಳಗ್ಗೆ ಕೀಲಿ ತಿರುಗಿಸಿದೊಡನೆ ಗಾಜಿಗೆ ಅಂಟಿದ ವೈಪರನ್ನು ಮೋಟಾರು ಎಳೆಯುತ್ತದೆ. ರಬ್ಬರ್ ಹರಿಯುತ್ತದೆ ಇಲ್ಲವೇ ಫ್ಯೂಸ್ ಸುಡುತ್ತದೆ. ವೈಪರ್ ನೀರಿನ ಡಬ್ಬಿಗೆ ನಲ್ಲಿ ನೀರು ಹಾಕುವ ನಮ್ಮ ರೂಢಿ ಅಲ್ಲಿ ನಡೆಯದು. ಮೈನಸ್ 29 ಡಿಗ್ರಿಯವರೆಗೆ, ಅಂದರೆ ಮೈನಸ್ 20 ಫ್ಯಾರನ್‌ಹೀಟ್‌ವರೆಗೆ ಹೆಪ್ಪುಗಟ್ಟದ ದ್ರವ ಸಿಗುತ್ತದೆ, ಅದನ್ನೇ ತುಂಬಿ. ಅದರಲ್ಲಿ ಹೆಚ್ಚಾಗಿ ಮೆಥನಾಲ್ ಎಂಬ ವಿಷವಿರುವುದರಿಂದ ಮಕ್ಕಳ ಕೈಗೆ ಸಿಗದಂತೆ ಇಡಿ.

ಕಾರು ಬಿಸಿಯಾಗಲೆಂದು ಚಾಲೂ ಮಾಡಿ ಬಿಡುವ ಮುನ್ನ ಹಿಂದಕ್ಕೆ ಹೋಗಿ ಹೊಗೆ ಕೊಳವೆ ನೋಡಿ. ಅದರ ಬಾಯಿಗೆ ಹಿಮ ತುಂಬಿಕೊಂಡಿದ್ದರೆ ಕಾರ್ಬನ್ ಮೊನಾಕ್ಸೈಡ್ ಕಾರಿನೊಳಕ್ಕೆ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಜೀವ ತೆಗೆಯುತ್ತದೆ. ಗ್ಯಾರೇಜಿನಲ್ಲಿ, ಬಾಗಿಲು ತೆರೆದಿದ್ದರೂ, ಎಂಜಿನ್ ಓಡಿಸಿಟ್ಟು ಬಿಸಿ ಮಾಡಬೇಡಿ. ಕಾರನ್ನು ಹೊರಗೆ ತಂದ ಮೇಲೆಯೇ ಆ ಕೆಲಸ. ಈ ಲೇಖನದಲ್ಲಿ ಬೇರೆಲ್ಲ ಮರೆತರೂ ಇದನ್ನು ಮರೆಯಬೇಡಿ, ಮನೆಯವರಿಗೂ ಓದಿ ಹೇಳಿ.

ಕಾನೂನೂ ಈ ವಿಷಯದಲ್ಲಿ ಸಡಿಲವಿಲ್ಲ. ಮಿನ್ನೆಸೋಟದಲ್ಲಿ ಹಬೆ ಅಥವಾ ಹಿಮದಿಂದ ನೋಟಕ್ಕೆ ಅಡ್ಡಿಯಾಗುವಂತೆ ಮುಚ್ಚಿದ ಗಾಜಿನೊಂದಿಗೆ ಓಡಿಸುವುದು ಅಪರಾಧ. ಬ್ರಿಟನ್ನಿನ ರಸ್ತೆ ನಿಯಮಗಳ ಕೈಪಿಡಿಯಾದ ಹೈವೇ ಕೋಡ್‌ನ 229ನೇ ನಿಯಮ ಎಲ್ಲ ಕಿಟಕಿಗಳ ಹಿಮವನ್ನೂ ತೆಗೆಯಬೇಕೆಂದು ಹೇಳುತ್ತದೆ. ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯ 2022ರಲ್ಲಿ ಕಾರಿನ ಮೇಲಿನ ಹಿಮವನ್ನು ತೆಗೆಯುವುದನ್ನೂ ಕಡ್ಡಾಯ ಮಾಡಿತು. ಛಾವಣಿಯ ಹಿಮವನ್ನು ಹಾಗೇ ಬಿಟ್ಟು ಹೊರಟರೆ, ಒಳಗಿನ ಬಿಸಿಗೆ ಸಡಿಲಗೊಂಡು ಬ್ರೇಕ್ ಒತ್ತಿದೊಡನೆ ಅಷ್ಟೂ ನಿಮ್ಮ ಮುಂಗಾಜಿನ ಮೇಲೆ ಜಾರಿ ಬೀಳುತ್ತದೆ, ಇಲ್ಲವೇ ಹೆದ್ದಾರಿಯಲ್ಲಿ ಹಿಂದಿನವರ ಗಾಜಿಗೆ ಹಾರುತ್ತದೆ. ಆದ್ದರಿಂದ ಉದ್ದ ಹಿಡಿಯ ಬ್ರಷ್ಷಿನಿಂದ ಛಾವಣಿಯಿಂದ ಶುರು ಮಾಡಿ ಕೆಳಗಿಳಿಯಿರಿ: ಛಾವಣಿ, ಗಾಜುಗಳು, ಕನ್ನಡಿಗಳು, ಬಾನೆಟ್, ಮುಂದಿನ ಹಿಂದಿನ ದೀಪಗಳು, ನಂಬರ್ ಪ್ಲೇಟ್. ಎಂಜಿನ್ ಬಿಸಿಯಾಗುವಷ್ಟರಲ್ಲಿ ಇದೆಲ್ಲ ಮುಗಿಯುತ್ತದೆ. ಎಂಟು ಗಂಟೆಯ ತರಗತಿಗೆ ಹೊರಡುವವರು ಅಲಾರಂ ಅನ್ನು ಕಾಲು ಗಂಟೆ ಮುಂಚೆ ಇಟ್ಟುಕೊಳ್ಳಿ. ದಾರಿಯಲ್ಲಿ ಗಾಜು ಮತ್ತೆ ಮಬ್ಬಾಗಿ ಕಿಟಕಿ ಇಳಿಸಿದರೂ ತಿಳಿಯಾಗದಿದ್ದರೆ ರಸ್ತೆ ಬಿಟ್ಟು ಯಾವುದಾದರೂ ಪೆಟ್ರೋಲ್ ಬಂಕಿನ ಅಂಗಳಕ್ಕೆ ತಿರುಗಿಸಿ, ಅಲ್ಲಿ ನಿಂತು ತಿಳಿ ಮಾಡಿಕೊಳ್ಳಿ. ತಡವಾಯಿತೆಂದು ತರಗತಿಗೂ ಕಚೇರಿಗೂ ಅಲ್ಲಿಂದಲೇ ಒಂದು ಸಂದೇಶ ಕಳಿಸಿದರೆ ಸಾಕು.